ದಾದಿಯ ಧರ್ಮಸಂಕಟ: ಯಾರ ಹಾಸಿಗೆಗೆ ಮೊದಲು?

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿಯನ್ನು ಹಿಡಿದು ಹೊರಟವರು ಯಶವಂತಪುರವನ್ನು ದಾಟಿದ ಸ್ವಲ್ಪ ಹೊತ್ತಿಗೆ ಪೀಣ್ಯದ ಕಾರ್ಖಾನೆಗಳ ಪ್ರದೇಶವನ್ನು ಸೇರುವರು. ಅದರ ಮಗ್ಗುಲಿಗೇ ಜಾಲಹಳ್ಳಿ. ಇಂದು ಅಲ್ಲಿ ವಾಯುಪಡೆಯ ನೆಲೆಯುಂಟು, ದೊಡ್ಡ ಕಾರ್ಖಾನೆಗಳುಂಟು, ಅವುಗಳ ಸುತ್ತ ಬೆಳೆದ ಬಡಾವಣೆಗಳುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಪ್ರದೇಶದಲ್ಲಿ ಸೈನಿಕ ಆಸ್ಪತ್ರೆಗಳು ಸಾಲುಸಾಲಾಗಿ ನಿಂತಿದ್ದುವು. ‘ಆಸ್ಪತ್ರೆಗಳ ಪಟ್ಟಣ’ವೆಂದೇ ಅದಕ್ಕೆ ಹೆಸರಾಗಿತ್ತು. ಪೂರ್ವದ ರಣರಂಗದ ಗಾಯಾಳುಗಳಿಗಾಗಿ ಕಟ್ಟಿದ ಆಸ್ಪತ್ರೆಗಳವು. ಅದೇ ವರ್ಷಗಳಲ್ಲಿ ಬೆಂಗಳೂರಿನ ಸುತ್ತಣ ಶಿಬಿರಗಳಲ್ಲಿ, ಆಫ್ರಿಕದ ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ಸಾವಿರಾರು ಸಂಖ್ಯೆಯಲ್ಲಿದ್ದರು.

ಸೆರೆಯಾಳಿಗೂ ಜ್ವರ ಬರುವುದು. ಶತ್ರುವಿನ ಗಾಯವೂ ಕೀವಾಗುವುದು. ಜ್ವರಮಾಪಕದ ಪಾದರಸವು ಸ್ವಪಕ್ಷ ಪರಪಕ್ಷವೆಂಬ ಭೇದವನ್ನು ಅರಿಯದು. ಆದರೆ ಅದನ್ನು ಹಿಡಿದ ದಾದಿಯು ಮನುಷ್ಯಳು. ಅವಳ ಅಣ್ಣನನ್ನೋ ತಮ್ಮನನ್ನೋ ಕೊಂದ ಸೇನೆಯವನು ಒಂದು ಹಾಸಿಗೆಯ ಮೇಲೆ, ಅವಳ ಊರಿನವನು ಮತ್ತೊಂದರ ಮೇಲೆ ಮಲಗಿದ್ದರೆ ಅವಳು ಮೊದಲು ಯಾರ ಬಳಿಗೆ ಹೋಗತಕ್ಕದ್ದು? ಇದು ಮೇಲುನೋಟಕ್ಕೆ ಮನಸ್ಸಾಕ್ಷಿಯ ಪ್ರಶ್ನೆಯೆಂದು ತೋರಿದರೂ ಇದಕ್ಕೆ ಕಾನೂನು ಉಂಟು, ಗಣಿತ ಉಂಟು, ವೈದ್ಯಶಾಸ್ತ್ರದ ಒಂದು ವಿಧಾನವೂ ಉಂಟು. ಇವೆಲ್ಲ ಇದ್ದೂ ದಾದಿಯ ಸಂಕಟವು ಪೂರ್ತಿಯಾಗಿ ತೀರದು. ಏಕೆ ತೀರದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಕಾನೂನು. ೧೮೬೪ರಲ್ಲಿ ಜಿನೀವಾ ನಗರದಲ್ಲಿ ಹಲವು ರಾಷ್ಟ್ರಗಳು ಕೂಡಿ ಮಾಡಿಕೊಂಡ ಒಪ್ಪಂದವು, ಗಾಯಗೊಂಡ ಸೈನಿಕನು ಯಾವ ದೇಶದವನೇ ಆಗಿರಲಿ ಅವನನ್ನು ಎತ್ತಿ ತಂದು ಉಪಚರಿಸಬೇಕೆಂದು ವಿಧಿಸಿತು. ೧೯೦೬ ಮತ್ತು ೧೯೨೯ರಲ್ಲಿ ಅದನ್ನು ತಿದ್ದಿದರು. ಎರಡನೆಯ ಮಹಾಯುದ್ಧದ ಅನುಭವದ ಮೇಲೆ ೧೯೪೯ರಲ್ಲಿ ನಾಲ್ಕು ಹೊಸ ಒಪ್ಪಂದಗಳಾದುವು. ಅವುಗಳಲ್ಲಿ ಮೊದಲನೆಯದರ ೧೨ನೆಯ ವಿಧಿಯೇ ನಮ್ಮ ಪ್ರಶ್ನೆಗೆ ನೇರವಾದ ಉತ್ತರ: ಚಿಕಿತ್ಸೆಯಲ್ಲಿ ಯಾರು ಮೊದಲು ಯಾರು ಅನಂತರ ಎಂಬುದನ್ನು ವೈದ್ಯಕೀಯ ತುರ್ತು ಒಂದೇ ನಿರ್ಣಯಿಸಬೇಕು, ಜಾತಿ, ಮತ, ರಾಷ್ಟ್ರ, ರಾಜಕೀಯ ಅಭಿಪ್ರಾಯ ಇವಾವುವೂ ಅಲ್ಲ. ೧೮ನೆಯ ವಿಧಿಯಂತೆ, ಗಾಯಾಳುವನ್ನು ಉಪಚರಿಸಿದ ಕಾರಣಕ್ಕಾಗಿ ಯಾರನ್ನೂ ಪೀಡಿಸಕೂಡದು, ದಂಡಿಸಕೂಡದು. ಭಾರತವು ಈ ಒಪ್ಪಂದಗಳನ್ನು ೧೯೫೦ರಲ್ಲಿ ಅಂಗೀಕರಿಸಿ ೧೯೬೦ರಲ್ಲಿ ತನ್ನದೇ ಆದ ಕಾಯಿದೆಯನ್ನು ಮಾಡಿತು. ದಾದಿಯರ ಅಂತರರಾಷ್ಟ್ರೀಯ ಮಂಡಲಿಯು ತನ್ನ ಮೊದಲ ನೀತಿಸಂಹಿತೆಯನ್ನು ಅಂಗೀಕರಿಸಿದ್ದು ೧೯೫೩ರಲ್ಲಿ.

‘ವೈದ್ಯಕೀಯ ತುರ್ತು’ ಎಂದು ಬರೆಯುವುದು ಸುಲಭ. ನೂರು ಗಾಯಾಳುಗಳು ಒಮ್ಮೆಗೇ ಬಂದಾಗ ಅದನ್ನು ಅಳೆಯುವುದು ಹೇಗೆ?

ನೆಪೋಲಿಯನ್ನನ ಸೇನೆಯಲ್ಲಿ ಶಸ್ತ್ರವೈದ್ಯನಾಗಿದ್ದ ಡಾಮಿನಿಕ್ ಲಾರೆಯು ಇದಕ್ಕೆ ಒಂದು ದಾರಿ ಹಾಕಿದನು. ಆ ಕಾಲದ ಸೇನೆಗಳಲ್ಲಿ ಅಧಿಕಾರಿಯ ಗೀರುಗಾಯಕ್ಕೆ ಪಟ್ಟಿ ಕಟ್ಟಿದ ಮೇಲೆ ಸಾಮಾನ್ಯ ಸಿಪಾಯಿಯ ಸರದಿ ಬರುತ್ತಿತ್ತು. ಪದವಿಯನ್ನು ನೋಡದೆ, ಅಪಾಯದ ಗಾಯವುಳ್ಳವನನ್ನು ಮೊದಲು ನೋಡಬೇಕೆಂದು ಲಾರೆಯು ನಿಯಮ ಮಾಡಿದನು. ಹೀಗೆ ವಿಂಗಡಿಸುವ ಕ್ರಮಕ್ಕೆ ಫ್ರೆಂಚ್ ಭಾಷೆಯಿಂದ ‘ಟ್ರಿಯಾಜ್’ ಎಂಬ ಹೆಸರು ಬಂದಿತು. ೧೮೪೬ರಲ್ಲಿ ಬ್ರಿಟಿಷ್ ನೌಕಾದಳದ ಶಸ್ತ್ರವೈದ್ಯನಾದ ಜಾನ್ ವಿಲ್ಸನ್ ಎಂಬವನು ಇದಕ್ಕೆ ಇನ್ನೊಂದು ಮಾತನ್ನು ಸೇರಿಸಿದನು. ಅದು ಕಠಿನವಾದ ಮಾತು. ಅಲ್ಪ ಗಾಯದವರು ಕಾಯಬಲ್ಲರು. ಏನು ಮಾಡಿದರೂ ಉಳಿಯದವರನ್ನೂ ಹಿಂದಕ್ಕೆ ಬಿಡಬೇಕು. ಈಗಲೇ ಕೈಹಾಕಿದರೆ ಉಳಿಯುವವರು ಯಾರೋ ಅವರಿಗೆ ಮೊದಲ ಸರದಿ. ಲಾರೆಯ ನಿಯಮ ಕೇಳಿದವರಿಗೆಲ್ಲ ನ್ಯಾಯವೆಂದು ತೋರುವುದು. ವಿಲ್ಸನ್ನನದು ಹಾಗಲ್ಲ. ಅತ್ಯಂತ ನರಳುತ್ತಿರುವವನನ್ನು ಬಿಟ್ಟು ಮುಂದಕ್ಕೆ ನಡೆ ಎಂದು ಅದು ದಾದಿಗೆ ಹೇಳುವುದು.

ಇಂದು ಈ ವಿಂಗಡಣೆಯನ್ನು ಬಣ್ಣದ ಚೀಟಿಗಳಿಂದ ಮಾಡುವರು. ಒಡನೆ ನೋಡತಕ್ಕವರಿಗೆ ಕೆಂಪು, ಸ್ವಲ್ಪ ತಡೆಯಬಲ್ಲವರಿಗೆ ಹಳದಿ, ನಡೆದಾಡಬಲ್ಲವರಿಗೆ ಹಸುರು. ಸತ್ತವರಿಗೂ ಉಳಿಸಲಾಗದವರಿಗೂ ಕಪ್ಪು. ೧೯೮೩ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡ ಒಂದು ಪದ್ಧತಿಯಲ್ಲಿ ನೋಡುವುದು ಮೂರೇ ಸಂಗತಿಗಳನ್ನು: ಉಸಿರು ನಿಮಿಷಕ್ಕೆ ೩೦ನ್ನು ಮೀರಿದೆಯೆ? ಉಗುರನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡುಗಳೊಳಗೆ ಕೆಂಪು ಮರಳುವುದೆ? ‘ಕೈ ಎತ್ತು’ ಎಂದರೆ ಎತ್ತುವನೆ? ಒಬ್ಬ ರೋಗಿಗೆ ಹಿಡಿಯುವ ಕಾಲ ಅರ್ಧ ನಿಮಿಷ. ಇಷ್ಟು ಸರಳವಾಗಿರುವುದು ತಿಳಿವಳಿಕೆಯ ಕೊರತೆಯಿಂದಲ್ಲ. ಗದ್ದಲದಲ್ಲಿ, ರಕ್ತದ ನಡುವೆ, ದಣಿದ ದಾದಿಯು ರೋಗಿಯ ಮುಖವನ್ನು ನೋಡಿ ನಿರ್ಣಯಿಸದೆ ಉಸಿರನ್ನು ಎಣಿಸಿ ನಿರ್ಣಯಿಸಲಿ ಎಂಬುದೇ ಇದರ ಉದ್ದೇಶ. ಮುಖದಲ್ಲಿ ನೆಂಟಸ್ತನ, ಜಾತಿ, ಬಟ್ಟೆ, ಭಾಷೆ ಎಲ್ಲವೂ ಕಾಣುವುವು. ಎಣಿಕೆಯಲ್ಲಿ ಕಾಣುವುದು ಒಂದು ಸಂಖ್ಯೆ ಮಾತ್ರ.

ಯುದ್ಧವು ದೂರದ ಮಾತು, ನಮ್ಮ ಊರಿಗೆ ಇದೇಕೆ ಎಂದು ವಾಚಕರು ಕೇಳಬಹುದು. ೨೦೨೧ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ನೆನೆದರೆ ಈ ಪ್ರಶ್ನೆ ಉಳಿಯದು. ಅದು ಕೋವಿಡ್ ರೋಗದ ಎರಡನೆಯ ಅಲೆ. ಮೇ ೫ರಂದು ಕರ್ನಾಟಕದಲ್ಲಿ ಒಂದೇ ದಿನಕ್ಕೆ ೫೦,೧೧೨ ಹೊಸ ರೋಗಿಗಳನ್ನು ಗುರುತಿಸಿದರು. ಅವರಲ್ಲಿ ೨೩,೧೦೬ ಮಂದಿ ಬೆಂಗಳೂರಿನವರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರೂ ನಗರದ ಹೊರಅಂಚುಗಳು. ಅಲ್ಲಿ ಗಣಕಯಂತ್ರದ ಮುಂದೆ ಕೂತು ದುಡಿಯುವವರೂ ಲೇತಿನ ಮುಂದೆ ನಿಂತು ದುಡಿಯುವವರೂ ಒತ್ತೊತ್ತಾಗಿ ವಾಸಿಸುವರು. ಆ ದಿನಗಳಲ್ಲಿ ಅಲ್ಲಿ ಗುಂಡು ಹಾರಲಿಲ್ಲ, ಕಟ್ಟಡ ಉರುಳಲಿಲ್ಲ. ಆದರೆ ವಾರ್ಡಿನೊಳಗೆ ನಿಂತ ದಾದಿಗೆ ಎದುರಾದುದು ಲಾರೆಗೂ ವಿಲ್ಸನ್ನನಿಗೂ ಎದುರಾದ ಪ್ರಶ್ನೆಯೇ. ಇಲ್ಲಿ ಸಾಲದೆ ಬಂದುದು ಪ್ರಾಣವಾಯು, ಎಂದರೆ ಆಮ್ಲಜನಕ.

ಈ ಸಂಗತಿಯನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. ಧರ್ಮಸಂಕಟವೆಲ್ಲ ಆ ಲೆಕ್ಕದಲ್ಲಿ ಅಡಗಿದೆ. ಆಸ್ಪತ್ರೆಗಳಲ್ಲಿ ಆಳೆತ್ತರದ ‘ಡಿ’ ಮಾದರಿಯ ಸಿಲಿಂಡರುಗಳನ್ನು ಎಲ್ಲರೂ ನೋಡಿರಬಹುದು. ಅಂಥದೊಂದರಲ್ಲಿ ಒತ್ತಿ ತುಂಬಿದ ಆಮ್ಲಜನಕವು ಹೊರಗೆ ಬಂದಾಗ ಸುಮಾರು ೭,೦೦೦ ಲೀಟರು ಆಗುವುದು. ಸಾಧಾರಣವಾದ ಮುಖವಾಡದ ಮೂಲಕ ನಿಮಿಷಕ್ಕೆ ೬ ಲೀಟರಿನಂತೆ ಕೊಟ್ಟರೆ ಒಬ್ಬ ರೋಗಿಗೆ ದಿನಕ್ಕೆ ೮,೬೪೦ ಲೀಟರು ಬೇಕು. ರೋಗವು ಉಲ್ಬಣಿಸಿ ಶ್ವಾಸಕೋಶದ ಗಾಳಿಗೂಡುಗಳು ನೀರಿನಿಂದ ತುಂಬಿದವನಿಗೆ ಅಷ್ಟು ಸಾಲದು. ಮೂಗಿನ ನಳಿಕೆಯಿಂದ ರಭಸವಾಗಿ ನೂಕುವ ಯಂತ್ರವನ್ನು ಅವನಿಗೆ ಜೋಡಿಸುವರು. ಅದು ಶುದ್ಧ ಆಮ್ಲಜನಕವನ್ನು ನಿಮಿಷಕ್ಕೆ ೬೦ ಲೀಟರಿನಂತೆ ಸೆಳೆದರೆ ದಿನಕ್ಕೆ ೮೬,೪೦೦ ಲೀಟರು. ಎಂದರೆ, ಒಬ್ಬನಿಗಾಗಿ ಈ ಯಂತ್ರವನ್ನು ನಡೆಸುವ ಆಮ್ಲಜನಕದಿಂದ ಹತ್ತು ಮಂದಿಗೆ ಮುಖವಾಡಗಳನ್ನು ಹಾಕಬಹುದು. ದೊಡ್ಡ ಸಿಲಿಂಡರೊಂದು ಆ ಯಂತ್ರಕ್ಕೆ ಎರಡು ಗಂಟೆಯ ಕಾಲವೂ ಬಾರದು.

ಸಂಗ್ರಹವು ತುಂಬಿರುವಾಗ ಇದು ಬರಿಯ ಖರ್ಚಿನ ಲೆಕ್ಕ. ನಡುರಾತ್ರಿ ಒತ್ತಡಮಾಪಕದ ಮುಳ್ಳು ಕೆಳಕ್ಕೆ ಇಳಿಯುತ್ತಿರುವಾಗ, ಬರಬೇಕಾದ ಲಾರಿಯು ಇನ್ನೂ ದಾರಿಯಲ್ಲಿರುವಾಗ, ಇದೇ ಲೆಕ್ಕವು ಬೇರೆ ರೂಪವನ್ನು ತಾಳುವುದು. ಒಬ್ಬನ ಹರಿವನ್ನು ತಗ್ಗಿಸಿದರೆ ಹತ್ತು ಮಂದಿಗೆ ಬೆಳಗಿನವರೆಗೆ ಉಸಿರು. ತಗ್ಗಿಸಿದರೆ ಆ ಒಬ್ಬನು ಉಳಿಯಲಾರನು. ಆ ತಿರುಪಿನ ಮೇಲೆ ಇರುವ ಕೈ ಯಾರದು? ವೈದ್ಯರು ಚೀಟಿಯ ಮೇಲೆ ಬರೆಯುವರು; ತಿರುಗಿಸುವವಳು ದಾದಿ. ವೈದ್ಯರು ಅನೇಕ ವಾರ್ಡುಗಳನ್ನು ಸುತ್ತುವರು. ದಾದಿಯು ಪಾಳಿ ಮುಗಿಯುವವರೆಗೆ ಅದೇ ಹಾಸಿಗೆಗಳ ನಡುವೆ ಇರುವಳು. ಯುದ್ಧದ ಆಸ್ಪತ್ರೆಯಲ್ಲಿಯೂ ಹೀಗೆಯೇ. ನಿರ್ಣಯ ಒಬ್ಬರದು, ಅದನ್ನು ನಡೆಸುವ ಕೈ ಇನ್ನೊಬ್ಬರದು, ರೋಗಿಯ ಕಣ್ಣು ನೋಡುವುದು ಆ ಕೈಯನ್ನು. ನಮ್ಮ ಅಭಿಪ್ರಾಯದಲ್ಲಿ ದಾದಿಯ ಧರ್ಮಸಂಕಟವು ವೈದ್ಯರದಕ್ಕಿಂತ ಭಿನ್ನವಾಗಿರುವುದು ಈ ಒಂದು ಕಾರಣದಿಂದ.

ಆ ದಿನಗಳಲ್ಲಿ ಕೊರತೆ ಎಷ್ಟಿತ್ತೆಂಬುದಕ್ಕೆ ಒಂದೆರಡು ಸಂಗತಿಗಳು ಸಾಕು. ೨೦೨೧ರ ಮೇ ೨ ಮತ್ತು ೩ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ೨೪ ಗಂಟೆಗಳೊಳಗೆ ೨೪ ರೋಗಿಗಳು ತೀರಿಕೊಂಡರೆಂಬ ಸುದ್ದಿಯು ರಾಜ್ಯವನ್ನೇ ನಡುಗಿಸಿತು. ಆಮ್ಲಜನಕದ ಕೊರತೆಯ ವಿಚಾರಣೆಗೆ ಉಚ್ಚ ನ್ಯಾಯಾಲಯವು ಸಮಿತಿಯನ್ನು ನೇಮಿಸಿತು. ಎರಡು ದಿನಗಳ ಮೇಲೆ, ಕರ್ನಾಟಕಕ್ಕೆ ದಿನಕ್ಕೆ ೧,೨೦೦ ಟನ್ ಆಮ್ಲಜನಕವನ್ನು ಕೊಡಬೇಕೆಂದು ಅದೇ ನ್ಯಾಯಾಲಯ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಲಿಲ್ಲ. ಮೇ ೧೧ರಂದು ಟಾಟಾನಗರದಿಂದ ಹೊರಟ ಮೊದಲ ಆಮ್ಲಜನಕದ ರೈಲು ವೈಟ್‌ಫೀಲ್ಡಿಗೆ ಬಂದು ಸೇರಿತು. ಅದರಲ್ಲಿ ಇದ್ದುದು ಸುಮಾರು ೧೨೦ ಟನ್ ದ್ರವ ಆಮ್ಲಜನಕ. ಒಂದು ಕಿಲೋಗ್ರಾಂ ದ್ರವವು ಸುಮಾರು ೭೫೦ ಲೀಟರು ಅನಿಲವಾಗುವುದರಿಂದ, ಮೇಲಿನ ಮುಖವಾಡದ ಲೆಕ್ಕದಲ್ಲಿ ಅದು ಹತ್ತು ಸಾವಿರ ರೋಗಿಗಳಿಗೆ ಒಂದು ದಿನದ ಉಸಿರು. ಸಾಗಾಟದಲ್ಲಿ ಆವಿಯಾಗಿ ಹೋಗುವುದನ್ನು ಬಿಟ್ಟು. ಯಂತ್ರದ ಲೆಕ್ಕದಲ್ಲಿಯಾದರೆ ಒಂದು ಸಾವಿರ ಮಂದಿಗೆ ಮಾತ್ರ.

ರೋಗಿಯ ತುರ್ತನ್ನು ಅಳೆಯಲು ದಾದಿಯ ಕೈಯಲ್ಲಿ ಇದ್ದ ಸಾಧನ ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರ್. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಅದು ಬೆರಳಿನೊಳಕ್ಕೆ ಹಾಯಿಸುವುದು. ಆಮ್ಲಜನಕವನ್ನು ಹೊತ್ತ ರಕ್ತವು ಒಂದು ಬಗೆಯಾಗಿಯೂ ಹೊರದ ರಕ್ತವು ಇನ್ನೊಂದು ಬಗೆಯಾಗಿಯೂ ಈ ಬೆಳಕುಗಳನ್ನು ಹೀರುವುದರಿಂದ ನೂರರಲ್ಲಿ ಎಷ್ಟು ಪಾಲು ತುಂಬಿದೆಯೆಂದು ತಿಳಿಯುವುದು. ಆದರೆ ಈ ನಿಷ್ಪಕ್ಷಪಾತಿಯಾದ ಸಾಧನಕ್ಕೂ ಒಂದು ದೋಷವುಂಟು. ೨೦೨೦ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ವೈದ್ಯರು ಹೋಲಿಸಿ ನೋಡಿದಾಗ, ರಕ್ತದಲ್ಲಿ ಆಮ್ಲಜನಕ ನಿಜವಾಗಿ ಕುಸಿದಿದ್ದರೂ ಸಾಧನವು ‘ಸರಿಯಾಗಿದೆ’ ಎಂದು ತೋರಿಸಿದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರರಷ್ಟು ಹೆಚ್ಚಾಗಿದ್ದುವು. ಚರ್ಮದ ಬಣ್ಣವೂ ಬೆಳಕನ್ನು ಹೀರುವುದಷ್ಟೆ! ಮುಖವನ್ನು ನೋಡಬೇಡ, ಸಂಖ್ಯೆಯನ್ನು ನೋಡು ಎಂದು ನಾವು ಮೇಲೆ ಹೇಳಿದೆವು. ಸಂಖ್ಯೆಯೂ ಕೆಲವೊಮ್ಮೆ ಮೈಬಣ್ಣವನ್ನು ನೋಡುವುದುಂಟೆಂದು ನಮ್ಮ ದೇಶದ ದಾದಿಯು ಅರಿತಿರಬೇಕು. ತುಟಿಯ ಬಣ್ಣವನ್ನೂ ಉಸಿರಿನ ಏದುಸಿರನ್ನೂ ಅವಳ ಕಣ್ಣು ಬಿಡಬಾರದು.

ಇಂಥ ನಿರ್ಣಯಗಳನ್ನು ಹಾಸಿಗೆಯ ಪಕ್ಕದಲ್ಲಿ ನಿಂತವರ ಹೆಗಲಿಗೆ ಹೊರಿಸಬಾರದೆಂಬ ಅರಿವು ೨೦೨೦ರಲ್ಲಿ ಅನೇಕ ದೇಶಗಳಲ್ಲಿ ಮೂಡಿತು. ಆ ವರ್ಷದ ಮಾರ್ಚಿಯಲ್ಲಿ ಇಟಲಿಯ ಅರಿವಳಿಕೆ ವೈದ್ಯರ ಸಂಘವು, ಕಟ್ಟಕಡೆಗೆ ತೀವ್ರನಿಗಾ ಘಟಕದ ಪ್ರವೇಶಕ್ಕೆ ವಯಸ್ಸಿನ ಮಿತಿಯನ್ನು ಇಡಬೇಕಾಗಿ ಬರಬಹುದೆಂದು ಬಹಿರಂಗವಾಗಿ ಹೇಳಿತು. ಅದಕ್ಕೆ ವಿರೋಧವೂ ಬಹಳ ಬಂದಿತು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದವರು ರಚಿಸಿದ ಮಾದರಿಯಲ್ಲಿ, ರೋಗಿಯನ್ನು ಉಪಚರಿಸುವವರೇ ಬೇರೆ, ಯಂತ್ರ ಯಾರಿಗೆಂದು ನಿರ್ಣಯಿಸುವವರೇ ಬೇರೆ. ನಿರ್ಣಯಿಸುವವರು ದೇಹದ ಅಂಗಗಳ ಸ್ಥಿತಿಗೆ ಅಂಕಗಳನ್ನು ಕೊಟ್ಟು ಕೂಡುವರು. ನಮಗೆ ಈ ಎರಡನೆಯ ದಾರಿಯೇ ಮೇಲೆಂದು ತೋರುವುದು. ಅದು ದೋಷವಿಲ್ಲದ್ದೆಂದಲ್ಲ, ಅಂಕಗಳನ್ನು ಹಾಕುವುದರಲ್ಲಿಯೂ ತಪ್ಪಾಗಬಹುದು. ಆದರೆ ಲಿಖಿತವಾದ ನಿಯಮವನ್ನು ಪ್ರಶ್ನಿಸಬಹುದು, ತಿದ್ದಬಹುದು. ನಡುರಾತ್ರಿ ಒಬ್ಬಳೇ ದಾದಿಯು ಮನಸ್ಸಿನಲ್ಲಿ ಮಾಡಿದ ನಿರ್ಣಯವನ್ನು ತಿದ್ದುವವರು ಯಾರು?

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು: ವಶೀಲಿ. ಹಾಸಿಗೆಗಾಗಿ ದೂರವಾಣಿಯಲ್ಲಿ ಬರುವ ದೊಡ್ಡವರ ಮಾತು, ‘ನಮ್ಮ ಕಡೆಯವರು, ಸ್ವಲ್ಪ ನೋಡಿಕೊಳ್ಳಿ’ ಎಂಬ ಬೇಡಿಕೆ, ಇವು ಲಾರೆಯ ಕಾಲದ ಅಧಿಕಾರಿಯ ಗೀರುಗಾಯಕ್ಕೆ ಸಮಾನ. ಬರೆದ ನಿಯಮವಿಲ್ಲದ ಕಡೆ ದಾದಿಯು ಅದಕ್ಕೆ ಎದುರು ಹೇಳಲು ತನ್ನ ಕೆಲಸವನ್ನೇ ಪಣವಿಡಬೇಕು. ನಿಯಮವಿದ್ದರೆ ಗೋಡೆಯ ಮೇಲಿನ ಹಾಳೆಯನ್ನು ತೋರಿಸಬಹುದು.

ಇನ್ನು ದಾದಿಯ ಸ್ವಂತ ಪ್ರಾಣದ ವಿಷಯ. ಸೈನಿಕನು ಪ್ರಾಣವನ್ನು ಪಣವಿಟ್ಟು ಸೇರುವನು. ದಾದಿಯು ಎಲ್ಲಿಯವರೆಗೆ ಪಣವಿಡಬೇಕು? ೨೦೨೦ರ ಒಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಗಾಜಿನ ಬಾಗಿಲಿನ ಆಚೆ ರೋಗಿಯ ಹೃದಯ ನಿಂತಿತು. ನಾಲ್ಕರಿಂದ ಆರು ನಿಮಿಷಗಳೊಳಗೆ ರಕ್ತವು ಹರಿಯದಿದ್ದರೆ ಮಿದುಳು ಕೆಡಲು ಮೊದಲಾಗುವುದು. ಈಚೆ ನಿಂತ ದಾದಿಯು ಮೈಮುಚ್ಚುವ ನಿಲುವಂಗಿ, ಎರಡು ಕೈಚೀಲ, ಕನ್ನಡಕ, ಮುಖವಾಡಗಳನ್ನು ತೊಡುವುದಕ್ಕೇ ಕೆಲವು ನಿಮಿಷಗಳು ಬೇಕು. ಹಾಗೆಯೇ ಒಳಕ್ಕೆ ಓಡುವುದೇ ಧರ್ಮವೆಂದು ಅವಳ ಶಿಕ್ಷಣವೆಲ್ಲ ಹೇಳುವುದು. ಸಾಂಕ್ರಾಮಿಕ ರೋಗದ ಶಾಸ್ತ್ರವು ತದ್ವಿರುದ್ಧವಾದುದನ್ನು ಹೇಳುವುದು: ಮೊದಲು ತೊಡು, ಅನಂತರ ಓಡು. ಎದೆಯನ್ನು ಒತ್ತುವಾಗ ರೋಗಿಯ ಬಾಯಿಯಿಂದ ಹೊರಡುವ ಸೂಕ್ಷ್ಮ ಹನಿಗಳು ಅವಳನ್ನು ಹಿಡಿದರೆ ಅವಳೊಬ್ಬಳೇ ಮಲಗುವುದಿಲ್ಲ. ಅವಳು ನೋಡುತ್ತಿದ್ದ ಉಳಿದ ರೋಗಿಗಳು ದಾದಿಯನ್ನು ಕಳೆದುಕೊಳ್ಳುವರು, ಮನೆಗೂ ರೋಗ ಹೋಗುವುದು. ಆದುದರಿಂದ ತನ್ನನ್ನು ಕಾಪಾಡಿಕೊಳ್ಳುವುದು ಇಲ್ಲಿ ಸ್ವಾರ್ಥವಲ್ಲ. ಈ ತರ್ಕ ಸರಿಯೇ. ಗಾಜಿನಾಚೆ ನಿಶ್ಚಲವಾದ ದೇಹವನ್ನು ನೋಡುತ್ತ ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತಿರುವವಳಿಗೆ ಆ ತರ್ಕ ಎಷ್ಟು ಸಮಾಧಾನ ಕೊಡಬಲ್ಲದೋ ನಾವು ಹೇಳಲಾರೆವು.

ಅವಳು ರಕ್ಷಣೆಗಾಗಿ ನೆಚ್ಚುವ ‘ಎನ್-೯೫’ ಮುಖವಾಡದ ವಿಷಯವಾಗಿ ಒಂದು ಮಾತು. ಅದು ಜರಡಿಯಂತೆ ಕೆಲಸ ಮಾಡುವುದೆಂದು ಅನೇಕರ ನಂಬಿಕೆ. ಅದರ ಎಳೆಗಳಲ್ಲಿ ವಿದ್ಯುದಾವೇಶವಿರುವುದು. ತೂತಿಗಿಂತ ಚಿಕ್ಕದಾದ ಕಣಗಳನ್ನೂ ಅದು ಸೆಳೆದು ಹಿಡಿಯುವುದು. ಹಿಡಿಯಲು ಅತಿ ಕಷ್ಟವಾದ, ಮೈಕ್ರೋಮೀಟರಿನ ಹತ್ತರಲ್ಲಿ ಮೂರು ಪಾಲಿನಷ್ಟು ಅಳತೆಯ ಕಣಗಳಲ್ಲಿಯೂ ನೂರಕ್ಕೆ ೯೫ನ್ನು ತಡೆಯಬೇಕೆಂಬುದರಿಂದ ಆ ಹೆಸರು. ನೀರಿನಲ್ಲಿ ಒಗೆದು ಮತ್ತೆ ಹಾಕಿಕೊಂಡರೆ ಆವೇಶ ಕುಗ್ಗಿ ಗುಣ ಕೆಡುವುದು. ಮುಖವಾಡಗಳು ಸಾಲದೆ ಹೋದಾಗ ‘ಒಂದನ್ನೇ ನಾಲ್ಕು ದಿನ ಹಾಕಿಕೊ’ ಎಂದು ಹೇಳಿಸಿಕೊಂಡ ದಾದಿಯು ಅದನ್ನು ಒಪ್ಪಬೇಕೆ ಎಂಬುದೂ ನೀತಿಯ ಪ್ರಶ್ನೆಯೇ.

ಮೂರನೆಯ ಬಗೆಯ ಸಂಕಟ ಇಬ್ಬರು ಯಜಮಾನರದು. ಸೇನೆಯ ದಾದಿಯು ರೋಗಿಗೂ ಸೇನಾಪತಿಗೂ ಉತ್ತರ ಹೇಳಬೇಕಾದವಳು. ಗಾಯ ಮಾಗಿದ ಸೈನಿಕನನ್ನು ‘ಯೋಗ್ಯ’ನೆಂದು ಕಳುಹಿಸಿದರೆ ಅವನು ಹೋಗುವುದು ಮನೆಗಲ್ಲ, ಮತ್ತೆ ರಣರಂಗಕ್ಕೆ. ಇದರದೇ ಸಣ್ಣ ರೂಪವನ್ನು ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ ನಾವು ನೋಡಬಹುದು. ಐನೂರಕ್ಕಿಂತ ಹೆಚ್ಚು ಕೆಲಸಗಾರರುಳ್ಳ ಕಾರ್ಖಾನೆಯಲ್ಲಿ ಚಿಕಿತ್ಸೆಯ ಕೊಠಡಿಯೂ ಅದಕ್ಕೆ ವೈದ್ಯ ಮತ್ತು ಶುಶ್ರೂಷಾ ಸಿಬ್ಬಂದಿಯೂ ಇರಬೇಕೆಂದು ೧೯೪೮ರ ಕಾರ್ಖಾನೆಗಳ ಕಾಯಿದೆಯು ವಿಧಿಸಿತು. ಆ ಕೊಠಡಿಯ ದಾದಿಗೆ ಸಂಬಳ ಕೊಡುವವರು ಆಡಳಿತದವರು. ಅವಳ ರೋಗಿ ಕೆಲಸಗಾರ. ‘ಆತನಿಗೆ ಏನಾಗಿದೆ, ನಾಳೆ ಯಂತ್ರದ ಮುಂದೆ ನಿಲ್ಲಬಲ್ಲನೆ?’ ಎಂದು ಮೇಲಿನವರು ಕೇಳುವರು. ‘ನನ್ನ ರೋಗದ ಹೆಸರನ್ನು ಹೇಳಬೇಡಿ ಸಿಸ್ಟರ್, ಕೆಲಸ ಹೋಗುವುದು’ ಎಂದು ಅವನು ಬೇಡುವನು. ಕೆಲಸಕ್ಕೆ ಶಕ್ತನೋ ಅಲ್ಲವೋ ಎಂಬುದನ್ನು ಮಾತ್ರ ತಿಳಿಸಿ ರೋಗದ ವಿವರವನ್ನು ಗೋಪ್ಯವಾಗಿಡುವುದು ಒಪ್ಪಿತವಾದ ರೀತಿ. ಸಾಂಕ್ರಾಮಿಕವು ಬಂದಾಗ ಈ ರೀತಿಯೂ ಅಲುಗಾಡುವುದು. ಪಕ್ಕದಲ್ಲಿ ನಿಂತು ಕೆಲಸ ಮಾಡಿದವನಿಗೂ ತಿಳಿಯುವ ಹಕ್ಕಿದೆಯಲ್ಲವೆ? ೨೦೨೦ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿತು. ಅಂಥವರ ಮನೆಯ ಬಾಗಿಲುಗಳಿಗೆ ಚೀಟಿಗಳನ್ನು ಅಂಟಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧಿಕಾರವುಳ್ಳವರ ವಿಶೇಷವಾದ ಆದೇಶವಿಲ್ಲದೆ ಇಂಥ ಚೀಟಿಗಳನ್ನು ಅಂಟಿಸಬೇಕಾಗಿಲ್ಲವೆಂದು ಹೇಳಿತು. ರೋಗಿಗೆ ಭಯವಾದರೆ ಅವನು ರೋಗವನ್ನೇ ಮುಚ್ಚಿಡುವನು. ಗುಟ್ಟನ್ನು ಬಿಟ್ಟುಕೊಟ್ಟು ಗಳಿಸಿದ ಸುರಕ್ಷತೆಯು ಹೀಗೆ ಬೇಗನೆ ಕೈಬಿಡುವುದು.

ಇನ್ನೂ ಮುಂದಕ್ಕೆ ಹೋದರೆ ಪಕ್ಷಪಾತವಿಲ್ಲದಿರುವುದೇ ಒಂದು ಪ್ರಶ್ನೆಯಾಗುವುದು. ಮೊದಲನೆಯ ಮಹಾಯುದ್ಧದಲ್ಲಿ, ಜರ್ಮನರು ಹಿಡಿದಿದ್ದ ಬ್ರಸೆಲ್ಸ್ ನಗರದಲ್ಲಿ ಈಡಿತ್ ಕ್ಯಾವೆಲ್ ಎಂಬ ಇಂಗ್ಲಿಷ್ ದಾದಿಯಿದ್ದಳು. ಜರ್ಮನರಿಗೂ ಮಿತ್ರಪಕ್ಷದವರಿಗೂ ಅವಳು ಒಂದೇ ರೀತಿಯಾಗಿ ಶುಶ್ರೂಷೆ ಮಾಡಿದಳು. ಅದರೊಡನೆ, ಮಿತ್ರಪಕ್ಷದ ಸುಮಾರು ಇನ್ನೂರು ಸೈನಿಕರು ಗಡಿ ದಾಟಿ ಪಾರಾಗಲು ನೆರವಾದಳು. ೧೯೧೫ರ ಅಕ್ಟೋಬರ್ ೧೨ರಂದು ಜರ್ಮನರು ಅವಳನ್ನು ಗುಂಡಿಟ್ಟು ಕೊಂದರು. ಲೋಕವೆಲ್ಲ ಮರುಗಿತು; ಮರುಗಿದುದು ನ್ಯಾಯವೇ. ಆದರೆ ಅಂದಿನ ಜಿನೀವಾ ಒಪ್ಪಂದದಲ್ಲಿ, ಶುಶ್ರೂಷೆಯ ನೆಲೆಯನ್ನು ಶತ್ರುವಿಗೆ ಹಾನಿಮಾಡುವ ಕಾರ್ಯಕ್ಕೆ ಬಳಸಿದರೆ ರಕ್ಷಣೆಯು ತಪ್ಪುವುದೆಂಬ ವಿಧಿಯೂ ಇತ್ತು. ತಾನೇ ಉಪಚರಿಸಿದವನನ್ನು ಸೆರೆಗೆ ಒಪ್ಪಿಸಬೇಕೆ, ಪಾರುಮಾಡಿ ಮುಂದಿನ ಆಸ್ಪತ್ರೆಗಳ ಮೇಲೆ ಸಂಶಯ ಬರಿಸಬೇಕೆ? ಅವಳನ್ನು ಕುರಿತ ಶಿಲಾಮೂರ್ತಿಗಳು ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ.

ಕೆಂಪು ಶಿಲುಬೆಯ ಗುರುತು ಗುಂಡನ್ನು ಯಾವಾಗಲೂ ತಡೆಯುವುದೂ ಇಲ್ಲ. ೨೦೧೫ರ ಅಕ್ಟೋಬರ್ ೩ರಂದು ಆಫ್ಘಾನಿಸ್ತಾನದ ಕುಂಡುಜ್ ನಗರದಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನವು ನಡೆಸಿದ ದಾಳಿಯಲ್ಲಿ ೪೨ ಮಂದಿ ಸತ್ತರು. ಅವರಲ್ಲಿ ೧೪ ಮಂದಿ ಆಸ್ಪತ್ರೆಯ ಸಿಬ್ಬಂದಿ. ಮರುವರ್ಷದ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು ಇಂಥ ದಾಳಿಗಳನ್ನು ಖಂಡಿಸಿ ೨೨೮೬ನೆಯ ನಿರ್ಣಯವನ್ನು ಅಂಗೀಕರಿಸಿತು. ದಾಳಿಗಳು ಅಷ್ಟಕ್ಕೇ ನಿಲ್ಲಲಿಲ್ಲ.

ಹಾಗಾದರೆ ಅಪಾಯ ಬಂದಾಗ ದಾದಿಯು ಹೊರಟುಹೋಗಬಹುದೆ? ಇದು ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಪುಸ್ತಕದ ಪ್ರಶ್ನೆಯಲ್ಲ. ಬೆಂಗಳೂರಿನ ಒಳಗೂ ಹೊರಗೂ ಇರುವ ಶುಶ್ರೂಷಾ ಕಾಲೇಜುಗಳಲ್ಲಿ ಕರ್ನಾಟಕದವರೂ ಕೇರಳದವರೂ ಈಶಾನ್ಯದವರೂ ಓದುತ್ತಾರೆ. ಓದಿ ಮುಗಿಸಿದವರಲ್ಲಿ ಅನೇಕರು ಪಶ್ಚಿಮ ಏಷ್ಯಕ್ಕೆ ಹೋಗುತ್ತಾರೆ. ೨೦೧೪ರ ಜೂನ್ ತಿಂಗಳಲ್ಲಿ ಇರಾಕಿನ ತಿಕ್ರಿತ್ ನಗರವು ಉಗ್ರರ ವಶವಾದಾಗ ಅಲ್ಲಿನ ಆಸ್ಪತ್ರೆಯಲ್ಲಿ ೪೬ ಮಂದಿ ಭಾರತೀಯ ದಾದಿಯರಿದ್ದರು, ಬಹುಮಂದಿ ಕೇರಳದವರು. ಕೆಲಸಕ್ಕೆ ಸೇರುವುದಕ್ಕಾಗಿ ಮಾಡಿದ ಸಾಲ ಅನೇಕರ ತಲೆಯ ಮೇಲಿತ್ತು, ಸಂಬಳ ಬಾಕಿಯಿತ್ತು. ಅವರನ್ನು ಉಗ್ರರು ಮೋಸುಲ್ ನಗರಕ್ಕೆ ಸಾಗಿಸಿದರು. ಕಡೆಗೆ ಬಿಡುಗಡೆಯಾಗಿ ಜುಲೈ ೫ರಂದು ಅವರು ಕೊಚ್ಚಿಯಲ್ಲಿ ಇಳಿದರು. ನೀತಿಸಂಹಿತೆಗಳು ದಾದಿಯನ್ನು ಸ್ವತಂತ್ರಳೆಂದು ಭಾವಿಸಿ ಬ‌ರೆದಂಥವು: ನಿಲ್ಲುವುದೋ ಹೋಗುವುದೋ ಅವಳ ಇಷ್ಟ. ಊರಿನಲ್ಲಿ ಮನೆ ಒತ್ತೆಯಿಟ್ಟು ಬಂದವಳಿಗೆ ಆ ಇಷ್ಟವು ಎಷ್ಟರಮಟ್ಟಿಗೆ ಇದೆ? ಧೈರ್ಯವನ್ನು ಹೊಗಳುವುದಕ್ಕೆ ಮೊದಲು ಸಾಲದ ಪತ್ರವನ್ನು ನೋಡುವುದು ಒಳ್ಳೆಯದು.

ಈ ಸಂಕಟಗಳೆಲ್ಲ ಮುಗಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯುವುದು? ೧೯೮೪ರಲ್ಲಿ ಆಂಡ್ರೂ ಜೇಮ್‌ಟನ್ ಎಂಬ ಅಮೆರಿಕದ ತತ್ತ್ವಶಾಸ್ತ್ರಜ್ಞರು ದಾದಿಯರ ನೀತಿಯನ್ನು ಕುರಿತ ಗ್ರಂಥದಲ್ಲಿ ಇದಕ್ಕೆ ಹೆಸರಿಟ್ಟರು. ‘ನೈತಿಕ ವೇದನೆ’ ಎಂದು ನಾವು ಕನ್ನಡದಲ್ಲಿ ಹೇಳಬಹುದು. ಯಾವುದು ಸರಿಯೆಂದು ತಿಳಿಯದೆ ತೊಳಲುವುದು ಒಂದು ಬಗೆ. ಸರಿಯಾದುದು ಯಾವುದೆಂದು ತಿಳಿದಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದ, ಸಾಮಗ್ರಿಯ ಅಭಾವದಿಂದ ಅದನ್ನು ಮಾಡಲಾಗದೆ ಹೋಗುವುದು ಇನ್ನೊಂದು ಬಗೆ. ಈ ಎರಡನೆಯದೇ ನೈತಿಕ ವೇದನೆ. ದಣಿವು ನಿದ್ದೆಯಿಂದ ತೀರುವುದು, ಇದು ತೀರದು. ಕೋವಿಡ್ ಕಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮಾನಸಿಕ ನೆರವಿನ ದೂರವಾಣಿಯನ್ನು ನಡೆಸಿತು. ಅಂಥ ನೆರವು ಬೇಕು. ಆದರೆ ವೇದನೆಯ ಕಾರಣವು ದಾದಿಯ ಮನಸ್ಸಿನಲ್ಲಿಲ್ಲ, ಸಾಮಗ್ರಿಯ ಕೋಣೆಯಲ್ಲಿದೆ ಎಂಬುದನ್ನು ಮರೆತು ಅವಳಿಗೆ ಧೈರ್ಯ ಹೇಳುತ್ತ ಕೂತರೆ ಪ್ರಯೋಜನವಿಲ್ಲ.

ಏಕೆಂದರೆ ಒಬ್ಬನೋ ಹತ್ತು ಮಂದಿಯೋ ಎಂಬ ಆ ಭೀಕರವಾದ ಲೆಕ್ಕವು ಹುಟ್ಟುವುದು ವಾರ್ಡಿನಲ್ಲಲ್ಲ. ತಿಂಗಳುಗಳ ಹಿಂದೆ, ಎಷ್ಟು ಸಂಗ್ರಹಿಸಬೇಕೆಂದು ಯಾರೋ ನಿರ್ಣಯಿಸಿದಾಗ ಅಥವಾ ನಿರ್ಣಯಿಸದೆ ಬಿಟ್ಟಾಗ. ೨೦೨೧ರ ಅನಂತರ ದೇಶದ ಅನೇಕ ಆಸ್ಪತ್ರೆಗಳ ಹಿತ್ತಿಲಿನಲ್ಲಿ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸುವ ಘಟಕಗಳನ್ನು ನಿಲ್ಲಿಸಿದರು. ಅವು ಕೆಲಸ ಮಾಡುವ ರೀತಿ ಸರಳ. ಜಿಯೋಲೈಟ್ ಎಂಬ ಖನಿಜದ ಹರಳುಗಳು ತುಂಬಿದ ಎರಡು ಕೊಳವೆಗಳಿರುವುವು. ಒತ್ತಿದ ಗಾಳಿಯನ್ನು ಒಂದರೊಳಕ್ಕೆ ಹಾಯಿಸಿದರೆ ಹರಳುಗಳು ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದಕ್ಕೆ ಬಿಡುವುವು. ಹರಳುಗಳು ತುಂಬಿದೊಡನೆ ಗಾಳಿಯನ್ನು ಎರಡನೆಯ ಕೊಳವೆಗೆ ತಿರುಗಿಸಿ, ಮೊದಲನೆಯದರ ಒತ್ತಡವನ್ನು ಇಳಿಸಿ ಸಾರಜನಕವನ್ನು ಹೊರಕ್ಕೆ ಬಿಡುವರು. ಹೀಗೆ ಬರುವ ಅನಿಲದಲ್ಲಿ ಆಮ್ಲಜನಕವು ನೂರಕ್ಕೆ ೯೩ರಷ್ಟು. ಲಾರಿಯೂ ಬೇಡ, ರೈಲೂ ಬೇಡ. ಆದರೆ ವಿದ್ಯುತ್ತು ಬೇಕು, ಸೋಸುಕಗಳನ್ನು ಕಾಲಕಾಲಕ್ಕೆ ಬದಲಿಸಬೇಕು, ತೇವವು ಹರಳುಗಳನ್ನು ಸೇರದಂತೆ ನೋಡಿಕೊಳ್ಳಬೇಕು, ಯಂತ್ರವನ್ನು ಬಲ್ಲ ಒಬ್ಬನಿಗೆ ಸಂಬಳ ಕೊಡಬೇಕು. ಹೀಗೆ ಮಾಡದೆ ಬಿಟ್ಟ ಘಟಕವು ಬೇಕಾದ ದಿನ ಓಡುವುದಿಲ್ಲ. ಆದುದರಿಂದ ಘಟಕವಿರುವ ಆಸ್ಪತ್ರೆಯಲ್ಲಿಯೂ ಗೋಡೆಯ ಪಕ್ಕದಲ್ಲಿ ತುಂಬಿದ ಸಿಲಿಂಡರುಗಳ ಸಾಲು ಇರಬೇಕು. ಪಾಳಿ ಬದಲಾಗುವಾಗ ಅವುಗಳ ಮುಳ್ಳು ಎಲ್ಲಿ ನಿಂತಿದೆಯೆಂದು ನೋಡಿ, ವೇಳೆಯೊಡನೆ ಪುಸ್ತಕದಲ್ಲಿ ಬರೆದು, ಮುಂದಿನ ಪಾಳಿಯವರಿಂದ ಸಹಿ ಹಾಕಿಸಿಕೊಳ್ಳುವ ಕೆಲಸವೂ ದಾದಿಯದೇ.